ಬರೀ ಕಿವಿ

ಸಹಕಾರನಗರದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಅತ್ತೆ ಸೊಸೆ ಕೂತಿದ್ದರು. ಭಾರದ ಓಲೆಗೆ ಹರಿದುಹೋದ ಕಿವಿಯ ಹಾಲೆಗಳಿಗೆ ಅತ್ತೆ ಆಗಷ್ಟೇ ಹೊಲಿಗೆ ಹಾಕಿಸಿಕೊಂಡು ಬಂದಿದ್ದರು. ಎರಡೂ ಕಿವಿಗೆ ಬಿಳಿ ಪಟ್ಟಿ.

"ನೀರು ತಾಗಿಸ್ಬೇಡಿ ಅತ್ತೆ. ಮುಲಾಮು ನಾನೇ ಹಚ್ತೀನಿ. ದಿಂಬು ಒತ್ತಬಾರ್ದು, ಅಂಗಾತ ಮಲಗಿ."

"ಅಂಗಾತ ಮಲಗಿದ್ರೆ ಗೊರಕೆ ಒಡೀತೀನಿ ಕಣೆ."

"ಹೊಡೀರಿ, ಪರವಾಗಿಲ್ಲ."

"ಓಲೆ ಯಾವಾಗ ಆಕ್ಕಳದು?"

"ಗಾಯ ಪೂರ್ತಿ ಮಾಯ್ಲಿ. ಎರಡು ತಿಂಗಳು ಬಿಟ್ಟು ಹೊಸದಾಗಿ ಚುಚ್ಚಿಸೋಣ."

"ಅಂಗಾರೆ ಭಾನುವಾರದ ಗೃಹಪ್ರವೇಶಕ್ಕೆ ನಾನ್ ಬರಕಿಲ್ಲ. ನಿಮ್ ಮಾವ ಗಟ್ಟಿಮುಟ್ಟಾಗಿರೋವಾಗ ನಾನು ಬರೀ ಕಿವೀಲಿ ಓಗಿ ನಿಂತ್ರೆ, ನೋಡ್ದೋರು ಏನಂತಾರೆ?"

"ನಿಮ್ಮೊಬ್ಬರನ್ನೇ ಯಾಕೆ ನೋಡ್ತಾರೆ?"

ಸೊಸೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ಇಂದೂ, ನಿನ್ ಜುಮುಕಿ ಎಲ್ಲೇ?"

"ನಿಮ್ಮ ಓಲೆ ಡಬ್ಬೀಲಿ ಇಟ್ಟಿದ್ದೀನಿ. ಎರಡನ್ನೂ ಒಟ್ಟಿಗೇ ತೆಗೆಯೋಣ."

ಅವರ ಬಸ್ಸು ಬಂತು. ಸೊಸೆಯ ಕೈ ಹಿಡಿದು ಮೆಟ್ಟಿಲು ಹತ್ತುವಾಗ ಅತ್ತೆ ಗದರಿದ್ದು ಕೇಳಿಸಿತು.

"ಬೇವಿನ ಕಡ್ಡಿನಾದ್ರೂ ಸಿಗಿಸ್ಕಳೇ. ತೂತು ಮುಚ್ಕೊಂಡ್ರೆ ನಿಂಗೂ ಚುಚ್ಚಿಸ್ಬೇಕಾಯ್ತದೆ."