ಹತ್ತೇ ಜನರ ಟೀಮು

ಇದು ನಡೆದದ್ದು 2009ರ ಬೇಸಿಗೆಯಲ್ಲಿ, ಪಟ್ಟಂದೂರು ಅಗ್ರಹಾರದಲ್ಲಿ, ನಮ್ಮ ದೊಡ್ಡಮ್ಮನ ಮಗ ದೇವರಾಜನಿಗೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು... ಅವನು ಸುಳ್ಳು ಹೇಳುವ ಪೈಕಿಯಲ್ಲ.

ಫುಟ್‌ಬಾಲ್ ಮ್ಯಾಚ್ ಗೆದ್ದು, ಹೊತ್ತು ಮೀರಿ ಮನೆಗೆ ಬರುತ್ತಿದ್ದ. ಐಟಿ ಪಾರ್ಕಿನ ದೀಪಗಳು ಹಿಂದೆ ಉಳಿದವು. ಕೆರೆ ಏರಿಯ ಆಲದ ಮರದಡಿ ಕತ್ತಲೋ ಕತ್ತಲು. ಅವನ ಬೂಟು ಜಲ್ಲಿಯ ಮೇಲೆ ಕರ್... ಕರ್... ಪಕ್ಕದಲ್ಲೇ ಇನ್ನೊಂದು ಸದ್ದು. ಪತ್... ಪತ್... ಬರಿಗಾಲಿನದು.

ಅದೇ ಹುಡುಗ. ಸಂಜೆ ಟೀಮಿಗೆ ಒಬ್ಬ ಕಮ್ಮಿ ಬಿದ್ದಾಗ, ಗೋಲಿನ ಹಿಂದೆ ನಿಂತಿದ್ದವನನ್ನು ದೇವರಾಜನೇ ಕೂಗಿ ಕರೆದಿದ್ದ. ಬರಿಗಾಲಲ್ಲೇ ಎರಡು ಗೋಲು ಹೊಡೆದ. ನಮ್ಮ ಕಡೆ ಒಂದು ಪದ್ಧತಿ: ಬೇರೆ ಟೀಮಿನವನು ನಿಮಗೆ ಆಡಿಕೊಟ್ಟರೆ, ಅವರಿಗೆ ಕಮ್ಮಿ ಬಿದ್ದ ದಿನ ನೀವು ಹೋಗಲೇಬೇಕು. ದೇವರಾಜ ಖುಷಿಯಲ್ಲಿ ಮಾತು ಕೊಟ್ಟಿದ್ದ. ಯಾವ ಟೀಮು ಅಂತ ಮಾತ್ರ ಕೇಳಿರಲಿಲ್ಲ ಪುಣ್ಯಾತ್ಮ.

"ಅಣ್ಣ... ನಾಳೆ ರಾತ್ರಿ ಫೈನಲ್ಲು. ನಾವು ಹತ್ತೇ ಜನ."

"ಬರ್ತೀನಿ ಕಣೋ. ಎಲ್ಲಿ?"

"ಕರಿಯೋಕೆ ನಾನೇ ಬರ್ತೀನಿ."

ಹುಡುಗ ಏರಿಯಿಂದ ಕೆಳಗಿಳಿದ. ಬುಳುಂ... ನೀರಿನ ಸದ್ದು. ದೇವರಾಜ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ. ಕೆರೆಯಲ್ಲಿ ಹನಿ ನೀರಿರಲಿಲ್ಲ. ನೆಲ ಬಿರುಕು ಬಿಟ್ಟಿತ್ತು.

ದೇವರಾಜ ಮನೆಗೆ ಬಂದು ಹೇಳಿದ್ದನ್ನು ಪಕ್ಕದ ಮನೆಯ ಮುದುಕ ಲಕ್ಷ್ಮಣಪ್ಪ ಕೇಳಿಸಿಕೊಂಡು ಬೀಡಿ ಆರಿಸಿದರು.

"ನಮ್ ತಾತ ಹೇಳ್ತಿದ್ರು ಕಣಪ್ಪ. 1912ರಾಗೆ ಬೆಂಗಳೂರಿನ ಕಾಲೇಜು ಹುಡುಗ್ರು... ಆ ವರ್ಷ ಒಂದಾಟಾನೂ ಸೋತಿರ್ಲಿಲ್ಲ. ಫೈನಲ್‌ಗೆ ಹೋಗೋವಾಗ ಗಾಡಿ ಈ ಏರಿಯಿಂದ್ಲೇ ಕೆರೆಗೆ ಉರುಳ್ತು. ಗಾಡೀಲಿದ್ದ ಹತ್ತೂ ಜನ ಮುಳುಗಿಬಿಟ್ರು."

"ಹನ್ನೊಂದನೆಯೋನು?" ದೇವರಾಜ ಕೇಳಿದ.

"ಜ್ವರ ಅಂತ ಮನೇಲಿದ್ದ."

ಮರುದಿನ ಸಂಜೆಗೇ ದೊಡ್ಡಮ್ಮ ಅಶ್ವತ್ಥಮ್ಮ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿದರು. ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಾಗಿಲಿಗೆ ಒರಗಿ ಕೂತರು. ಇದ್ದವನೊಬ್ಬನೇ ಮಗ.

ನಡುರಾತ್ರಿ ಅಂಗಳದಲ್ಲಿ ಪತ್... ಪತ್... ಕಿಟಕಿಯ ಹತ್ತಿರ ನಿಂತಿತು.

"ಅಣ್ಣ..."

ದೇವರಾಜ ಕಂಬಳಿ ಎಳೆದುಕೊಂಡ. ಆದರೆ ಪಾಪ ಅನ್ನಿಸಿಬಿಟ್ಟಿತು ಅವನಿಗೆ. ನೂರು ವರ್ಷದ ಹತ್ತಿರ ಹತ್ತೇ ಜನ ಕಾಯೋದು ಅಂದರೆ... ಕೊಟ್ಟ ಮಾತು ಬೇರೆ.

"ಬಂದೆ, ತಡಿ," ಅಂದ. ಅಷ್ಟೇ ಅವನಿಗೆ ನೆನಪು.

ಬೆಳಗ್ಗೆ ದೊಡ್ಡಮ್ಮ ಬೀಗ ತೆಗೆದು, ಮಗನ ಎದೆಯ ಮೇಲೆ ಕೈಯಿಟ್ಟರು. ಉಸಿರಿತ್ತು. ಅವನು ಕಣ್ಣು ಬಿಡದೆಯೇ "ಗೆದ್ವಿ ಅಮ್ಮ," ಅಂದು ಮಗ್ಗುಲಾದ.

ಮತ್ತೆಂದೂ ಅವನು ಚೆಂಡು ಮುಟ್ಟಲಿಲ್ಲ. ಕನಸು ಕಂಡಿರಬೇಕು ಅಂತೀರಿ. ಆದರೆ ರಜೆಗೆ ನಾನೂ ಆ ಮನೆಯಲ್ಲೇ ಇದ್ದೆ; ಅವತ್ತು ಕಂಬಳಿ ಸರಿಸಿದವನು ನಾನೇ. ಬೂಟು ಮೂಲೆಯಲ್ಲಿ ಒಣಗಿಯೇ ಇತ್ತು. ಅವನ ಎರಡೂ ಕಾಲಿಗೆ, ಮೊಣಕಾಲಿನ ತನಕ, ಹಸಿ ಕೆರೆಮಣ್ಣು ಮೆತ್ತಿಕೊಂಡಿತ್ತು.