ಎಡಗೈಯ ಆಟಗಾರ್ತಿ

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸಿನಲ್ಲಿ, ಮಾಸ್ತಮ್ಮನ ಮುಂದಿನ ಸೀಟಿನಲ್ಲಿ ಒಬ್ಬ ಯುವಕನೂ ಯುವತಿಯೂ ಕೂತಿದ್ದರು.

“ನಾನು ಕೆಲ್ಸ ಬಿಟ್ಮೇಲೆ ನಿನ್ನ ಮೊಬೈಲ್ ಗೇಮಿಗೆ ಚಿತ್ರ ಯಾರು ಬರೀತಾರೆ, ಯೋಗರಾಜ್?”

“ನಾನೇ. ಮೊದ್ಲು ನಾವಿಬ್ರೇ ಮೂರು ತಿಂಗಳಲ್ಲಿ ಒಂದು ಗೇಮ್ ಮುಗಿಸ್ತಿದ್ವಿ. ಈಗ ಹತ್ತು ಜನ ಬೇಕು, ಮಾರೋ ರೇಟು ಮಾತ್ರ ಅಷ್ಟೇ. ಲಾಭ ಎಲ್ಲಿಂದ ಬರ್ಬೇಕು, ಕವನ? ಗೇಮ್ ಆಡಿ ತಪ್ಪು ಹುಡುಕೋರನ್ನೂ ಕೆಲ್ಸದಿಂದ ಬಿಡಿಸ್ಬಿಟ್ಟೆ.”

“ಇಬ್ರು ಎದುರುಬದುರು ಆಡೋ ಗೇಮಲ್ವಾ ಅದು?”

“ಎರಡು ಫೋನ್ ಇಟ್ಕೊಂಡು ಎರಡು ಕೈಲೂ ನಾನೇ ಆಡ್ತೀನಿ.”

“ಗೆಲ್ಲೋದ್ಯಾರು ಮಾರಾಯ?”

“ಎಡಗೈಗೆ ನಿನ್ನ ಹೆಸ್ರು ಇಟ್ಟಿದೀನಿ. ಅದನ್ನೇ ಗೆಲ್ಲಿಸ್ತೀನಿ.”

ಕವನ ತನ್ನ ಸ್ಟಾಪ್ ಬಂದಾಗ ಇಳಿದುಹೋದಳು.

ಮಾಸ್ತಮ್ಮನಿಗೆ ಮೊಬೈಲ್ ಗೇಮ್ ತಿಳಿಯದು. ಆದರೆ ಮನೆಯಲ್ಲಿ ಒಬ್ಬಳೇ ಎರಡೂ ಕಡೆಯಿಂದ ಚೌಕಾಬಾರ ಆಡುವಾಗ ಅವಳೂ ತೀರಿಕೊಂಡ ಗಂಡನ ಕಾಯಿಗಳನ್ನೇ ಮೊದಲು ಹಣ್ಣು ಮಾಡಿ ಗೆಲ್ಲಿಸುತ್ತಿದ್ದಳು.