ದೊರೆಗೆಂದು ಸುಟ್ಟ ಜೋಡಿ ಜಾಡಿ

ಕೇಳ್ರಪ್ಪ, ಕೇಳ್ರವ್ವ, ಕೂತವರು ಕೂತಲ್ಲೇ ಕೇಳಿ. ಈಗ ಹೊರಟ್ರೆ ಮುದುಕರಾಗೋ ಹೊತ್ತಿಗೆ ಮುಟ್ಟೋ ಅಷ್ಟು ದೂರ, ಚೀನಾ ದೇಶ. ಅಲ್ಲೊಂದು ಊರು. ಊರಿಗೆಲ್ಲಾ ಒಂದೇ ಆವಿಗೆ, ಗುಡ್ಡದ ಇಳಿಜಾರಿನ ಉದ್ದಕ್ಕೂ ಇಟ್ಟಿಗೇಲಿ ಕಟ್ಟಿದ್ದು. ಅದರಲ್ಲಿ ಸುಡ್ತಿದ್ದದ್ದು ನಮ್ಮ ಮಡಕೆ ಕುಡಿಕೆ ಅಲ್ಲ, ತಟ್ಟಿದ್ರೆ ಗಂಟೆ ಹಾಗೆ ನುಡಿಯೋ ಪಿಂಗಾಣಿ. ನಲವತ್ತು ಮನೆಯವರು ಅದರಿಂದ್ಲೇ ಉಣ್ತಿದ್ರು. ಬೆಂಕಿ ನೋಡ್ಕೊಳ್ಳೋನು ಲಿಯಾಂಗ. ಮನೇಲಿ ಅವನು, ಅವನ ಮುದಿ ತಾಯಿ, ಇಬ್ಬರೇ.

ಒಂದು ದಿನ ಅರಮನೆ ಅಧಿಕಾರಿ ಬಂದ. ದೊರೆಗೆ ಒಂದು ಜೊತೆ ಜಾಡಿ ಬೇಕು, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸ ಇರಬಾರದು ಅಂದ. ಮೂರು ಸಲ ಸುಡಬಹುದು, ಮೂರನೇ ಸಲವೂ ಕೆಟ್ಟರೆ ಆವಿಗೆ ಕೆಡವಿಸ್ತೀನಿ ಅಂದ. ಲಿಯಾಂಗ ಏನ್ ಮಾಡ್ತಾನೆ, ಪಾಪ? ತಲೆ ಬಗ್ಗಿಸಿ ಹೂಂ ಅಂದ.

ಮೊದಲನೇ ಸಲ ಕಾಡಿನ ಸೌದೆ ಒಟ್ಟಿ ಸುಟ್ರು. ಮೂರು ದಿನ ಉರಿ, ಏಳು ದಿನ ಆರಿಸೋದು. ಬಾಗಿಲಿನ ಇಟ್ಟಿಗೆ ತೆಗೆದು ನೋಡಿದ್ರೆ ಒಂದು ಜಾಡಿಯ ಕತ್ತು ಓರೆ. ದೊರೆಗೆಂದು ಮಾಡಿದ್ದನ್ನ ಬೇರೆ ಯಾರೂ ಮುಟ್ಟಬಾರದು ಅಂತ ಕಟ್ಟಳೆ. ಒಡೆದು ಹೂತರು.

ಎರಡನೇ ಸಲಕ್ಕೆ ಕಾಡು ಬೋಳಾಗಿತ್ತು. ಜನ ಬಾಗಿಲು ಕಿತ್ತು ತಂದ್ರು, ಮಂಚ ತಂದ್ರು, ಮಗ್ಗ ತಂದ್ರು. ಆದ್ರೂ ಕೊನೇ ದಿನ ಸೌದೆ ಸಾಲದೆ ಉರಿ ಇಳೀತು, ಬಣ್ಣ ಮಂಕಾಯ್ತು. ಅದನ್ನೂ ಒಡೆದು ಹೂತರು.

ಮೂರನೇ ಸಲಕ್ಕೆ ಏನು ಉಳಿದಿತ್ತು ಹೇಳಿ? ಆ ದೇಶದಲ್ಲಿ ವಯಸ್ಸಾದವರು ತಮ್ಮ ಹೆಣದ ಪೆಟ್ಟಿಗೆಗೆ ಹಲಗೆ ಮೊದಲೇ ತಂದು ಅಟ್ಟದ ಮೇಲೆ ಜೋಪಾನ ಮಾಡ್ತಾರೆ. ಲಿಯಾಂಗನ ತಾಯಿ ಇಪ್ಪತ್ತು ವರ್ಷದಿಂದ ಅದನ್ನ ಒರೆಸಿ ಒರೆಸಿ ಇಟ್ಟಿದ್ಲು. ಅವಳೇ ಮಗನ್ನ ಕರೆದ್ಲು.

"ಇಳಿಸೋ ಹಲಗೇನ. ನಾನು ಚಾಪೇಲಿ ಹೋಗ್ತೀನಿ. ಆವಿಗೆ ಉಳೀಲಿ."

"ಬೇಡಮ್ಮ."

"ನಿಮ್ಮಪ್ಪ ಕಟ್ಟಿದ್ದು ಅದು. ಇಳಿಸು."

ಅವಳನ್ನ ನೋಡಿ ಊರಿನ ಮುದುಕರೆಲ್ಲ ತಮ್ಮ ತಮ್ಮ ಹಲಗೆ ಹೊತ್ತು ತಂದ್ರು. ಲಿಯಾಂಗ ಅಳ್ತಾ ಅಳ್ತಾ ಉರಿ ಹಾಕಿದ.

ಈ ಸಲ ಜಾಡಿ ಎರಡೂ ಒಂದೇ ಅಚ್ಚು. ಅಧಿಕಾರಿ ತಿರುಗಿಸಿ ನೋಡ್ದ, ಬಿಸಿಲಿಗೆ ಹಿಡಿದು ನೋಡ್ದ, ತಟ್ಟಿ ಕೇಳ್ದ. ಒಂದು ಕಲೆ ಇಲ್ಲ. ಊರೇ ಉಸಿರು ಬಿಡ್ತು. ಅಧಿಕಾರಿ ಜಾಡಿಗಳನ್ನ ರೇಷ್ಮೇಲಿ ಸುತ್ತಿಸಿ, ತನ್ನ ಆಳುಗಳ ಕಡೆ ತಿರುಗಿದ.

"ಇಂಥದ್ದು ಲೋಕದಲ್ಲಿ ಇನ್ನೊಬ್ಬನ ಮನೇಲಿ ಇರಬಾರದು," ಅಂದ. "ಆವಿಗೆ ಕೆಡವಿ."

ಕೆಟ್ಟರೂ ಕೆಡವೋದು, ಚೆನ್ನಾಗಿ ಬಂದ್ರೂ ಕೆಡವೋದು. ಇದ್ಯಾವ ನ್ಯಾಯ? ಕೇಳೋರು ಯಾರು?

ಲಿಯಾಂಗ ಕಾಲೆಳೀತಾ ಮನೆಗೆ ಬಂದ. ತಾಯಿ ಏಳಲಾರದೆ ನೆಲದ ಮೇಲೆ ಮಲಗಿದ್ಲು.

"ಜಾಡಿ ಸರಿ ಬಂತೇನೋ?"

"ಬಂತಮ್ಮ. ಎರಡೂ."

"ಮತ್ತೆ ಅದೇನೋ ಸದ್ದು, ಇಟ್ಟಿಗೆ ಬಿದ್ದ ಹಾಗೆ?"

ಲಿಯಾಂಗ ಅವಳ ಕಾಲ ಹತ್ತಿರ ಕುಸಿದು ಕೂತ. "ದೊರೆಗೆ ಖುಷಿಯಾಗುತ್ತಂತಮ್ಮ. ಹಳೇದು ಬಿಚ್ಚಿ, ನಮಗೆ ದೊಡ್ಡ ಆವಿಗೆ ಕಟ್ಟಿಸ್ತಾರಂತೆ."

"ನನ್ನ ಹಲಗೆ ದಂಡ ಆಗಲಿಲ್ಲ ಬಿಡು," ಅಂದ್ಲು ಮುದುಕಿ.

ಜಾಡಿ ಅರಮನೆ ಸೇರ್ತು, ಮಾತು ನನ್ನ ಬಾಯಿ ಸೇರ್ತು. ಏಳ್ರಪ್ಪ, ಏಳ್ರವ್ವ, ಇದ್ದದ್ದು ಇಷ್ಟೇ.